ಚಿನ್ನಿಯ ಕಣ್ಣನ್ನು ವಯಸ್ಸು ಅಂತ ಬಿಡಬೇಡ, ಅಮ್ಮ

ಲೆಸ್ಟರ್, ಇಂಗ್ಲೆಂಡ್

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾನಿಲ್ಲಿ ಚೆನ್ನಾಗಿದ್ದೇನೆ. ಅಪ್ಪಯ್ಯ, ಅಜ್ಜಿ, ರಾಘು ಎಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ. ಬ್ರಹ್ಮಾವರದ ಜಾತಕದ ವಿಷಯ ಆಮೇಲೆ ಬರೆಯುತ್ತೇನೆ, ಈಗ ಅದಕ್ಕೆ ತಲೆ ಓಡುವುದಿಲ್ಲ. ನಿನ್ನ ಪತ್ರದ ಕೊನೆಯಲ್ಲಿ ನಮ್ಮ ಬೆಕ್ಕು ಚಿನ್ನಿಯ ಬಗ್ಗೆ ಬರೆದದ್ದೇ ಮನಸ್ಸಿನಲ್ಲಿ ಕೂತಿದೆ. ಫೋನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ ಅಂತ ಬರೆದು ರಾಘುವಿನ ಮೊಬೈಲಿಗೆ ಕಳಿಸುತ್ತಿದ್ದೇನೆ.

ನಡುಮಧ್ಯಾಹ್ನದ ಬಿಸಿಲಲ್ಲೂ ಅದರ ಕಣ್ಣು ಪೂರ್ತಿ ಕಪ್ಪಾಗಿಯೇ ಇರುತ್ತದೆ, ಹೊಸ್ತಿಲಿಗೆ ಎಡವುತ್ತದೆ, ಬಾವಿಕಟ್ಟೆಯ ಬಾಲ್ದಿಗೆ ಆಗಾಗ ಹೋಗಿ ನೀರು ಕುಡಿಯುತ್ತದೆ, ಮೈ ಇಳಿದಿದೆ ಅಂತ ಬರೆದಿದ್ದೀಯ. ಅಪ್ಪಯ್ಯ ವಯಸ್ಸಾಯಿತು ಅಂದರಂತೆ. ವಯಸ್ಸಾದ ಬೆಕ್ಕಿನ ಕಣ್ಣು ಸ್ವಲ್ಪ ಮಂಜಾಗಿ ಕಾಣುವುದು ಉಂಟು, ನಿಜ. ಆದರೆ ಈ ನಾಲ್ಕೂ ಒಟ್ಟಿಗೆ ಬಂದರೆ ಬರೀ ವಯಸ್ಸು ಅಂತ ಸುಮ್ಮನಿರುವ ಹಾಗಿಲ್ಲ.

ಇಲ್ಲಿ ಪಕ್ಕದ ಮನೆಯ ಅಜ್ಜಿಯ ಬೆಕ್ಕಿಗೂ ಹೀಗೇ ಆಗಿತ್ತು. ಡಾಕ್ಟರು ಮೊದಲು ನೋಡಿದ್ದು ಬಿಪಿ. ಹೌದು, ಬೆಕ್ಕಿಗೂ ಬಿಪಿ ನೋಡುತ್ತಾರೆ, ಮುಂಗಾಲಿಗೋ ಬಾಲಕ್ಕೋ ಪುಟ್ಟ ಪಟ್ಟಿ ಸುತ್ತಿ! ಮೇಲಿನ ಅಂಕಿ 160 ದಾಟಿದರೆ ಜಾಸ್ತಿ, 180 ದಾಟಿದರೆ ಕಣ್ಣಿಗೂ ಮೆದುಳಿಗೂ ಅಪಾಯ. ವಯಸ್ಸಾದ ಬೆಕ್ಕುಗಳಲ್ಲಿ ಕಿಡ್ನಿ ಸೋತರೆ, ಇಲ್ಲವೇ ಥೈರಾಯ್ಡ್ ಜಾಸ್ತಿಯಾದರೆ ಬಿಪಿ ಏರುತ್ತದೆ. ಆಗ ಕಣ್ಣಿನ ಹಿಂದಿನ ಪರದೆಯ ಕೆಳಗೆ ನೀರೋ ರಕ್ತವೋ ತುಂಬಿ ಪರದೆ ಕಳಚಿಕೊಳ್ಳುತ್ತದೆ, ಒಂದೇ ರಾತ್ರಿಯಲ್ಲಿ ದೃಷ್ಟಿ ಹೋಗುವುದೂ ಉಂಟು. ಬೇಗ ಮದ್ದು ಶುರು ಮಾಡಿದರೆ ಕೆಲವಕ್ಕೆ ಸ್ವಲ್ಪ ದೃಷ್ಟಿ ವಾಪಸ್ ಬರುತ್ತದೆ. ಅದಕ್ಕೇ ನನಗೆ ಅವಸರ. ಬೆಕ್ಕಿಗೆ ಕೊಡುವ ಮದ್ದು ಅಪ್ಪಯ್ಯ ತೆಗೆದುಕೊಳ್ಳುವ ಆಮ್ಲೋಡಿಪಿನ್ನೇ, ಆದರೆ ಪ್ರಮಾಣ ಬೇರೆ. ಅವರ ಡಬ್ಬಿಯಿಂದ ಮುರಿದು ಕೊಡಬೇಡ.

ಡಾಕ್ಟರ ಹತ್ತಿರ ಹೋಗುವ ಮೊದಲು ಮನೆಯಲ್ಲೇ ಸ್ವಲ್ಪ ನೋಡು. ಕತ್ತಲೆ ಕೋಣೆಯಲ್ಲಿ ಟಾರ್ಚ್ ಬಿಟ್ಟರೆ ಕಣ್ಣಿನ ಪಾಪೆ ಸಣ್ಣ ಆಗುತ್ತದಾ, ಎರಡೂ ಒಂದೇ ಅಳತೆಯಲ್ಲಿ ಇವೆಯಾ? ನೀನು ಬತ್ತಿ ಹೊಸೆಯುವ ಹತ್ತಿಯ ಒಂದು ಉಂಡೆಯನ್ನು ಅದರ ಮುಖದ ಮುಂದೆ ಮೇಲಿನಿಂದ ಬಿಡು. ಹತ್ತಿ ಬಿದ್ದರೆ ಸದ್ದಾಗುವುದಿಲ್ಲ, ಕಣ್ಣು ಕಂಡರೆ ಮಾತ್ರ ತಲೆ ತಿರುಗಿಸುತ್ತದೆ. ಕೈ ಬೀಸಿ ನೋಡಬೇಡ, ಗಾಳಿ ಮೀಸೆಗೆ ತಾಗಿ ಕಣ್ಣು ಮುಚ್ಚಿಬಿಡುತ್ತದೆ, ಕಂಡಿತೋ ಇಲ್ಲವೋ ಗೊತ್ತಾಗುವುದಿಲ್ಲ. ಮೂಗಿನ ಕಡೆಯ ಮೂಲೆಯಿಂದ ಬಿಳಿ ಪೊರೆ ಅಡ್ಡ ಬಂದಿದೆಯಾ ನೋಡು, ಅದು ಬೆಕ್ಕಿನ ಮೂರನೇ ರೆಪ್ಪೆ. ಒಂದೇ ಕಣ್ಣಲ್ಲಿ ಬಂದರೆ ಹೆಚ್ಚಾಗಿ ಆ ಕಣ್ಣಿಗೇ ಗಾಯ ಅಥವಾ ನೋವು. ಎರಡರಲ್ಲೂ ಬಂದರೆ ಮೈಯಲ್ಲೇ ಏನೋ ಸರಿ ಇಲ್ಲ ಅಂತ ಅನುಮಾನ ಪಡಬೇಕು. ತುಟಿ ಎತ್ತಿ ಒಸಡನ್ನೂ ನೋಡು, ಹಳದಿ ಅಥವಾ ತೀರಾ ಬಿಳಿಚಿಕೊಂಡಿದ್ದರೆ ನಾಳೆ ಅನ್ನಬೇಡ, ಅವತ್ತೇ ಹೊರಡಿ.

ಅಜ್ಜಿ ನಂದಿಬಟ್ಟಲಿನ ರಸ ಬಿಡುವ ಅಂದಿದ್ದಾರಂತೆ. ಅಜ್ಜಿಯ ಮೇಲೆ ನನಗೆ ಗೌರವ ಉಂಟು, ಆದರೆ ದಯವಿಟ್ಟು ಅದು ಬೇಡ. ಅಪ್ಪಯ್ಯನ ಪೊರೆ ಆಪರೇಷನ್ ಆದಾಗ ಉಳಿದ ಡ್ರಾಪ್ಸ್ ಖಂಡಿತಾ ಬೇಡ. ಅಂಥದ್ದರಲ್ಲಿ ಸ್ಟೀರಾಯ್ಡ್ ಇರುತ್ತದೆ, ಕಣ್ಣಲ್ಲಿ ಹುಣ್ಣಾಗಿದ್ದರೆ ತೂತೇ ಆಗಬಹುದು. ನೋವಿದೆ ಅಂತ ಪ್ಯಾರಸಿಟಮಾಲ್ ಕೊಟ್ಟೀರಿ, ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯುತ್ತದೆ.

ಬೆಕ್ಕು ನೋವನ್ನು ತೋರಿಸಿಕೊಳ್ಳುವುದಿಲ್ಲ ಅಮ್ಮ, ಕೂಗುವುದೂ ಇಲ್ಲ. ಸುಮ್ನೆ ಮೂಲೆ ಹಿಡಿಯುತ್ತದೆ, ಅಟ್ಟಕ್ಕೆ ಹಾರುವುದನ್ನು ಬಿಡುತ್ತದೆ, ಮೈ ನೆಕ್ಕಿಕೊಳ್ಳದೆ ಕೂದಲು ಗಂಟುಗಂಟಾಗುತ್ತದೆ. 2019ರಲ್ಲಿ ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು ಬೆಕ್ಕಿನ ಮುಖ ನೋಡಿಯೇ ನೋವು ಅಳೆಯುವ ಕ್ರಮ ಮಾಡಿದ್ದಾರೆ. ಕಿವಿ ಹೊರಕ್ಕೆ ತಿರುಗಿ ಚಪ್ಪಟೆ ಆಗುವುದು, ಕಣ್ಣು ಕಿರಿದಾಗುವುದು, ಮೂತಿ ಬಿಗಿಯುವುದು, ಮೀಸೆ ನೆಟ್ಟಗಾಗುವುದು, ತಲೆ ಭುಜಕ್ಕಿಂತ ಕೆಳಗೆ ಇಳಿಯುವುದು, ಈ ಐದನ್ನು ನೋಡುತ್ತಾರೆ. ಮಲಗಿದಾಗ ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಉಸಿರು ಇದ್ದರೂ ಡಾಕ್ಟರಿಗೆ ಹೇಳಬೇಕು.

ಊಟದ ವಿಷಯ. ಚಿನ್ನಿ ನಮ್ಮಲ್ಲಿ ಹಾಲನ್ನ, ಮೊಸರನ್ನದಲ್ಲೇ ಬೆಳೆದದ್ದು. ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಟಾರಿನ್ ಅನ್ನುವ ಪೋಷಕಾಂಶ ಬೇಕೇ ಬೇಕು, ಬೆಕ್ಕು ತನಗೆ ಬೇಕಾದಷ್ಟನ್ನು ಮೈಯಲ್ಲಿ ಮಾಡಿಕೊಳ್ಳಲಾರದು, ಸಿಗುವುದು ಮೀನು ಮಾಂಸದಲ್ಲಿ. ಅನ್ನದಲ್ಲಿ ಇಲ್ಲ. ಇಲಿ ಹಿಡಿಯುವಾಗ ತೊಂದರೆ ಇರಲಿಲ್ಲ, ಈಗ ಹಿಡಿಯುವುದಿಲ್ಲ ಅಲ್ವಾ. ನಮ್ಮ ಅಡುಗೆಮನೆಗೆ ಮೀನು ಬರುವುದಿಲ್ಲ, ಗೊತ್ತು. ಬೆಕ್ಕಿನ ಆಹಾರದ ಪ್ಯಾಕೆಟಿನಲ್ಲಿ ಟಾರಿನ್ ಸೇರಿಸಿರುತ್ತಾರೆ, ರಾಘು ಮಣಿಪಾಲದಿಂದ ಬರುವಾಗ ತರಲಿ, ಹಿಂದಿನ ಜಗಲಿಯಲ್ಲಿ ಹಾಕಿ. ಕಿಡ್ನಿಯ ತೊಂದರೆ ಅಂದರೆ ಯಾವುದು ಆಗುತ್ತದೆ ಅಂತ ಡಾಕ್ಟರನ್ನೇ ಕೇಳಿ. ಇಡೀ ದಿನ ಏನೂ ಮುಟ್ಟದಿದ್ದರೆ ಕಾಯಬೇಡಿ, ಬೆಕ್ಕು ಹಸಿದು ಕೂತರೆ ಲಿವರ್ ಕೆಡುತ್ತದೆ.

ಇಲ್ಲಿ 2024ರ ಜೂನ್ 10ರಿಂದ 20 ವಾರ ದಾಟಿದ ಸಾಕುಬೆಕ್ಕಿಗೆಲ್ಲ ಗುರುತಿನ ಚಿಪ್ ಹಾಕಿಸಲೇಬೇಕು ಅಂತ ಕಾನೂನು ಬಂದಿದೆ. ಅಕ್ಕಿಕಾಳಿನಷ್ಟು ಚಿಪ್, ಹೆಗಲಿನ ಮಧ್ಯೆ ಚರ್ಮದ ಕೆಳಗೆ. ಹಾಕಿಸದಿದ್ದರೆ 500 ಪೌಂಡ್‌ವರೆಗೆ ದಂಡ. ಪಕ್ಕದ ಅಜ್ಜಿಯ ಬೆಕ್ಕಿಗೆ ಇನ್ಶೂರೆನ್ಸ್ ಕೂಡ ಉಂಟು. ಅಪ್ಪಯ್ಯ ಕೇಳಿದರೆ ನಗುತ್ತಾರೆ. ನನಗೆ ಇದು ಒಳ್ಳೆಯದೇ ಅನ್ನಿಸಿತು.

ನಾಳೆ ಬೆಳಿಗ್ಗೆಯೇ ರಾಘು ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಲಿ. ಮುಚ್ಚಳ ಇರುವ ಬುಟ್ಟಿಯಲ್ಲಿ ಕೂರಿಸಿ ಮೇಲೆ ಹಳೆಯ ಬೈರಾಸು ಮುಚ್ಚಿ, ರಿಕ್ಷಾದ ಸದ್ದಿಗೆ ಹೆದರುತ್ತದೆ. ರಕ್ತದಲ್ಲಿ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್, ಶುಗರ್, ಥೈರಾಯ್ಡ್ ನೋಡಿ ಅಂತ ರಾಘು ಕೇಳಲಿ, ಬಿಪಿ ಮರೆಯಬೇಡಿ. ನೀನು ಮೊದಲು ಅದನ್ನು ಎತ್ತಿಕೊಂಡು ತೂಕದ ಮಿಷನ್ ಮೇಲೆ ನಿಲ್ಲು, ಆಮೇಲೆ ಒಬ್ಬಳೇ ನಿಲ್ಲು, ಕಳೆದರೆ ಅದರ ತೂಕ ಸಿಗುತ್ತದೆ, ಬರೆದಿಡು. ದೃಷ್ಟಿ ಹೋಗಿದ್ದರೂ ಬೆಕ್ಕು ಮನೆಯೊಳಗೆ ಚೆನ್ನಾಗಿಯೇ ಬದುಕುತ್ತದೆ, ಮಂಚ ಮೇಜು ಜಾಗ ಬದಲಿಸಬೇಡಿ ಅಷ್ಟೇ, ಬಾವಿಕಟ್ಟೆಯ ಕಡೆ ಮಾತ್ರ ಬಿಡಬೇಡಿ.

ಹೆದರಬೇಡ ಅಮ್ಮ. ಏನಾಗಿದೆ ಅಂತ ಡಾಕ್ಟರು ನೋಡಿಯೇ ಹೇಳಬೇಕು, ಆದರೆ ಬಿಪಿಯೇ ಆಗಿದ್ದರೆ ಮದ್ದು ಉಂಟು, ತಡ ಮಾಡದಿದ್ದರೆ ಸಾಕು. ಖರ್ಚಿಗೆ ರಾಘುವಿನ ಅಕೌಂಟಿಗೆ ಹಣ ಹಾಕಿದ್ದೇನೆ, ಅಪ್ಪಯ್ಯನ ಹತ್ತಿರ ಕೇಳುವುದು ಬೇಡ. ನಾನು ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೇನೆ, ಚಳಿಯೂ ಅಷ್ಟೇನಿಲ್ಲ. ಬಸ್ಸಿಗೆ ಹೊತ್ತಾಯಿತು. ಡಾಕ್ಟರು ಎಂತ ಹೇಳಿದರು ಅಂತ ಕೂಡಲೇ ಮೆಸೇಜ್ ಹಾಕಲು ರಾಘುವಿಗೆ ಹೇಳು.

ನಿನ್ನ ಮಗಳು,
ಸುಮ