ಮೊದಲ ಎಂಟು ವಾರ ಯಾರ ಜೊತೆ?

ಪ್ರೀತಿಯ ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನೆ ನಿಮ್ಮಮ್ಮ ಫೋನ್ ಮಾಡಿದ್ದಳು. ಮುಂದಿನ ವಾರ ನಿಮ್ಮ ಯೂನಿವರ್ಸಿಟಿಯಲ್ಲಿ ‘ರಷ್’, ಅಂದರೆ ಫ್ರಾಟರ್ನಿಟಿ ಅನ್ನುವ ಹುಡುಗರ ಸಂಘಗಳು ಹೊಸ ಸದಸ್ಯರನ್ನು ಆರಿಸುವ ವಾರ, ಶುರುವಂತೆ, ನೀನು ಆಗಲೇ ಅಂಥ ಒಂದು ಫ್ರಾಟರ್ನಿಟಿ ಮನೆಗೆ ಎರಡು ಸಲ ಊಟಕ್ಕೆ ಹೋಗಿ ಬಂದೆಯಂತೆ. “ಸೇರಬೇಡ ಅಂತ ನೀನಾದರೂ ಹೇಳು ಅಕ್ಕ” ಅಂದಳು. ನಾನು ಹಾಗೆ ಹೇಳುವುದಿಲ್ಲ. ಹದಿನೆಂಟರ ಹುಡುಗ ಊರು ಬಿಟ್ಟು ಅಮೆರಿಕದಷ್ಟು ದೂರ ಬಂದಾಗ, ಸಂಜೆ ಯಾರಾದರೂ ಹೆಸರು ಹಿಡಿದು ಊಟಕ್ಕೆ ಕರೆದರೆ ಹಿಗ್ಗುವುದು ಸಹಜ. ಆದರೆ ಕ್ಯಾಂಪಸ್ಸಿನಲ್ಲಿ ದಿಕ್ಕೇ ಸರಿಯಾಗಿ ತಿಳಿಯದ ಹೊತ್ತಿನಲ್ಲಿ ಈ ನಿರ್ಧಾರ ನಿನ್ನ ಮುಂದೆ ಬರುತ್ತಿದೆ. ಮೊದಲ ಸೆಮಿಸ್ಟರಿನಲ್ಲಿ ಸೇರಲು ಬಿಡದೆ, ಎರಡನೆಯದಕ್ಕೆ ಮುಂದೂಡಿರುವ ಯೂನಿವರ್ಸಿಟಿಗಳೂ ಇವೆ. ನಿಮ್ಮಲ್ಲಿ ಆ ನಿಯಮ ಇಲ್ಲದಿದ್ದರೆ ನೀನೇ ಒಂದು ಸೆಮಿಸ್ಟರ್ ಕಾಯಬಹುದು. ಜನವರಿಯಲ್ಲೂ ರಷ್ ಇರುತ್ತದೆ. ಈಗ ಬೇಕಾದವನು ಆಗ ಬೇಡವಾಗುತ್ತೀಯ ಅಂದರೆ, ಆ ಮನೆ ನಿನ್ನನ್ನು ಎಷ್ಟು ಬಯಸಿತ್ತು ಅನ್ನುವುದು ಅಲ್ಲೇ ಗೊತ್ತಾಯಿತು.

ಒಂದು ಕಾಗದ ತೆಗೆದುಕೊಂಡು ಗಂಟೆಗಳ ಲೆಕ್ಕ ಬರೆ. ವಾರಕ್ಕೆ 168. ನಿದ್ದೆ 56. ಹದಿನೈದು ಕ್ರೆಡಿಟ್‌ಗೆ ಕ್ಲಾಸೂ ಓದೂ ಸೇರಿ 45. ಊಟ, ಸ್ನಾನ, ಬಟ್ಟೆ, ಓಡಾಟ ದಿನಕ್ಕೆ ಮೂರು ಗಂಟೆ ಅಂದರೂ 21. ಲೈಬ್ರರಿ ಕೆಲಸಕ್ಕೆ 15. ಕೈಯಲ್ಲಿ ಉಳಿದದ್ದು 31. ಹೊಸ ಸದಸ್ಯನಿಗೆ, ಅಂದರೆ ‘ಪ್ಲೆಜ್’ ಆದವನಿಗೆ, ವಾರಕ್ಕೆ ಇಪ್ಪತ್ತು ಇಪ್ಪತ್ತೈದು ಗಂಟೆ ಹೋಗುವುದು ಅಪರೂಪವಲ್ಲ. ವಾರದ ಸಭೆ, ಸ್ಥಾಪಕರ ಹೆಸರು ಬಾಯಿಪಾಠ, ಪಾರ್ಟಿಗೆ ಮುಂಚೆ ಮನೆ ಸಜ್ಜು ಮಾಡುವುದು, ಮಾರನೇ ಬೆಳಿಗ್ಗೆ ಅಂಟಂಟು ನೆಲ ಒರೆಸುವುದು, ರಾತ್ರಿ ಎರಡಕ್ಕೆ ಗ್ರೂಪಿನಲ್ಲಿ ಮೆಸೇಜ್ ಬಂದರೆ ಯಾರನ್ನೋ ಕಾರಿನಲ್ಲಿ ಕರೆತರುವುದು. ಮೊದಲು ಕರಗುವುದು ನಿದ್ದೆ. ಆಮೇಲೆ ಬೆಳಗಿನ ಎಂಟು ಗಂಟೆಯ ಕ್ಲಾಸು, ಸಾಮಾನ್ಯವಾಗಿ ಕ್ಯಾಲ್ಕುಲಸ್ಸು.

ಸ್ನೇಹಕ್ಕೂ ಇದೇ ಗಂಟೆಗಳೇ ಬಂಡವಾಳ. ಕಾನ್ಸಸ್ ಯೂನಿವರ್ಸಿಟಿಯ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪರಿಚಿತ ಒಬ್ಬ ಸಾದಾ ಸ್ನೇಹಿತನಾಗಲು ಸುಮಾರು 50 ಗಂಟೆ ಒಟ್ಟಿಗಿರಬೇಕು, ಸ್ನೇಹಿತ ಅನ್ನಿಸಿಕೊಳ್ಳಲು 90, ಆಪ್ತನಾಗಲು 200ಕ್ಕೂ ಮೇಲೆ. ವಾರಕ್ಕೆ 25ರಂತೆ ಎಂಟು ವಾರ ಗುಣಿಸು. ಇನ್ನೂರು! ಈಗ ಸೇರಿದರೆ ಅಕ್ಟೋಬರ್ ಮುಗಿಯುವ ಹೊತ್ತಿಗೆ ನಿನ್ನ ಆಪ್ತರು ಯಾರು ಅನ್ನುವುದು ಗಟ್ಟಿಯಾಗಿರುತ್ತದೆ, ನೀನು ಕೂತು ಆರಿಸಿರುವುದಿಲ್ಲ. ಡಾರ್ಟ್‌ಮತ್ ಕಾಲೇಜಿನಲ್ಲಿ ಬ್ರೂಸ್ ಸಾಸೆರ್ಡೋಟ್ ಎಂಬ ಅರ್ಥಶಾಸ್ತ್ರಜ್ಞರು ಯಾದೃಚ್ಛಿಕವಾಗಿ ಜೋಡಿ ಮಾಡಿದ ರೂಮ್‌ಮೇಟ್‌ಗಳನ್ನು ನೋಡಿ 2001ರಲ್ಲಿ ಬರೆದದ್ದು ಗಮನಿಸು: ಯಾವ ವಿಷಯ ಮೇಜರ್ ಮಾಡಬೇಕು ಅನ್ನುವುದರಲ್ಲಿ ರೂಮ್‌ಮೇಟ್‌ನ ಪ್ರಭಾವ ಕಾಣಲಿಲ್ಲ. ಎಷ್ಟು ಅಂಕ ತೆಗೆಯುತ್ತಾರೆ, ಫ್ರಾಟರ್ನಿಟಿ ಸೇರುತ್ತಾರೋ ಇಲ್ಲವೋ ಅನ್ನುವುದರಲ್ಲಿ ಕಂಡಿತು. ಜೊತೆಯವರು ನಿನ್ನ ಗುರಿಯನ್ನು ಬದಲಿಸಲಿಕ್ಕಿಲ್ಲ. ಗುರಿಯ ಕಡೆ ದಿನವೂ ಎಷ್ಟು ಹೆಜ್ಜೆ ಇಡುತ್ತೀಯ ಅನ್ನುವುದನ್ನು ಬದಲಿಸುತ್ತಾರೆ.

ಆದ್ದರಿಂದ ರಷ್ ವಾರದಲ್ಲಿ ಪರೀಕ್ಷೆ ಮಾಡಬೇಕಾದವನು ನೀನು. ಮೊದಲ ದಿನಗಳಲ್ಲಿ ಎಲ್ಲರಿಗೂ ಬಾಗಿಲು ತೆರೆದಿರುತ್ತದೆ. ಆಮೇಲೆ ಕರೆದವರಿಗೆ ಮಾತ್ರ ಊಟ. ಕೊನೆಗೆ ‘ಬಿಡ್’, ಅಂದರೆ ಸೇರಲು ಆಹ್ವಾನ. ಬಿಡ್ ಒಪ್ಪುವವರೆಗೂ ನಿನ್ನ ಮೇಲೆ ಯಾವ ಹಂಗೂ ಇಲ್ಲ. ಅಷ್ಟರೊಳಗೆ ಎರಡು ಸಲ “ಬೇಡ” ಅಂದು ನೋಡು. ಒಂದು ಸಲ ಲೋಟದ ವಿಷಯದಲ್ಲಿ: ನನಗೆ ಸೋಡಾ ಸಾಕು ಅನ್ನು. ಇನ್ನೊಂದು ಸಲ ಸಮಯದ ವಿಷಯದಲ್ಲಿ: ನಾಳೆ ಕ್ವಿಜ್ ಇದೆ, ಬರಲಾಗುವುದಿಲ್ಲ ಅನ್ನು. ಮಾರನೇ ದಿನ ಊಟದ ಮೇಜಿನಲ್ಲಿ ನಿನಗೆ ಮೊದಲಿನಷ್ಟೇ ಜಾಗ ಇದೆಯೋ, ಮಾತಿನ ಧಾಟಿ ಬದಲಾಯಿತೋ ಗಮನಿಸು. ಸೋಡಾ ಕೇಳಿದಾಗ ನಕ್ಕು ಸುಮ್ಮನಾಗುವ ಮನೆಗೂ, ಮೂರು ಸಲ ಒತ್ತಾಯ ಮಾಡುವ ಮನೆಗೂ ಅಜಗಜಾಂತರ. ಮನೆಯ ಅಧ್ಯಕ್ಷನಿಗಿಂತ, ಮಧ್ಯದಲ್ಲಿ ಬಿಟ್ಟು ಹೋದ ಮೂರನೇ ವರ್ಷದ ಹುಡುಗನೊಬ್ಬ ಸಿಕ್ಕರೆ ಅವನನ್ನು ಕೇಳು.

ನಮ್ಮ ಕಡೆ ರ‍್ಯಾಗಿಂಗ್ ಅನ್ನುವುದಕ್ಕೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲೇ ಶಿಕ್ಷೆ ಇದೆ. ಇಲ್ಲಿಯ ‘ಹೇಜಿಂಗ್’ ಅದರ ದಾಯಾದಿ, ಆದರೆ ಒಂದು ವ್ಯತ್ಯಾಸವಿದೆ. ರ‍್ಯಾಗಿಂಗ್‌ನಲ್ಲಿ ಸಿಕ್ಕಿದ ಜೂನಿಯರ್‌ಗಳನ್ನು ಹಿಡಿಯುತ್ತಾರೆ. ಹೇಜಿಂಗ್‌ಗೆ ಒಳಗಾಗುವವನು ಒಳಗೆ ಬರಲು ತಾನೇ ಆಸೆಪಟ್ಟವನು. ಹಾಗಾಗಿ ಅವನೇ ಅದನ್ನು ಮುಚ್ಚಿಡುತ್ತಾನೆ, ಅವನೇ “ನಾನೇ ಒಪ್ಪಿದ್ದೆ” ಅನ್ನುತ್ತಾನೆ. ಅನೇಕ ರಾಜ್ಯಗಳ ಕಾನೂನಿನಲ್ಲಿ ಅವನ ಒಪ್ಪಿಗೆ ಮಾಡಿದವರನ್ನು ಉಳಿಸುವುದಿಲ್ಲ. 2024ರ ಡಿಸೆಂಬರಿನಲ್ಲಿ ಬಂದ ಕೇಂದ್ರ ಕಾನೂನಿನ ಪ್ರಕಾರ, ಹೇಜಿಂಗ್ ಮಾಡಿ ಸಿಕ್ಕಿಬಿದ್ದ ಸಂಘಟನೆಗಳ ವರದಿಯನ್ನು ಯೂನಿವರ್ಸಿಟಿ ತನ್ನ ವೆಬ್‌ಸೈಟಿನಲ್ಲೇ ಹಾಕಬೇಕು. ನಿನ್ನನ್ನು ಊಟಕ್ಕೆ ಕರೆದ ಮನೆಯ ಹೆಸರು ಅದರಲ್ಲಿ ಇದೆಯೋ ಇಂದೇ ಹುಡುಕು. ಫ್ರಾಟರ್ನಿಟಿಗಳನ್ನು ನೋಡಿಕೊಳ್ಳುವ ಯೂನಿವರ್ಸಿಟಿಯ ಗ್ರೀಕ್ ಲೈಫ್ ಕಚೇರಿಯವರು ಒಂದೊಂದು ಮನೆಯ ಸರಾಸರಿ ಜಿಪಿಎ ಪ್ರಕಟಿಸುತ್ತಿದ್ದರೆ ಅದನ್ನೂ ನೋಡು.

ಈಗ ಹೇಳುವುದನ್ನು ಎರಡು ಸಲ ಓದು. 2017ರ ಫೆಬ್ರವರಿಯಲ್ಲಿ ಪೆನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಬಿಡ್ ಒಪ್ಪಿದ ರಾತ್ರಿಯೇ ಹತ್ತೊಂಬತ್ತರ ಹುಡುಗನೊಬ್ಬನಿಗೆ ಸರದಿಯಲ್ಲಿ ನಿಲ್ಲಿಸಿ ಕುಡಿಸಿದರು. ಅವನು ನೆಲಮಾಳಿಗೆಯ ಮೆಟ್ಟಿಲಿಂದ ಬಿದ್ದ. ಎತ್ತಿ ಸೋಫಾದ ಮೇಲೆ ಮಲಗಿಸಿದವರು, ಅಂಗಾತ ಹೊರಳಿ ಉಸಿರು ಕಟ್ಟದಿರಲಿ ಅಂತ ಪುಸ್ತಕ ತುಂಬಿದ ಬ್ಯಾಗನ್ನು ಬೆನ್ನಿಗೆ ಹಾಕಿದರು. ಆಂಬುಲೆನ್ಸ್ ಕರೆದದ್ದು ಹೆಚ್ಚುಕಡಿಮೆ ಹನ್ನೆರಡು ಗಂಟೆಯ ಮೇಲೆ. ಹುಡುಗ ಉಳಿಯಲಿಲ್ಲ, ಮಾರನೇ ವರ್ಷ ಪೆನ್ಸಿಲ್ವೇನಿಯಾ ಅವನ ಹೆಸರಿನಲ್ಲೇ ಕಾನೂನು ಮಾಡಿತು. ಆ ಬ್ಯಾಗಿನ ವಿಷಯ ನನ್ನನ್ನು ಬಹಳ ಕಾಡುತ್ತದೆ. ಅಪಾಯ ಇದೆ ಅಂತ ಅಲ್ಲಿದ್ದವರಿಗೆ ಗೊತ್ತಿತ್ತು. ಬ್ಯಾಗು ಹುಡುಕುವಷ್ಟು ಗೊತ್ತಿತ್ತು, ಫೋನ್ ಎತ್ತುವಷ್ಟು ಧೈರ್ಯ ಇರಲಿಲ್ಲ.

ಅಪಾಯದ ಇನ್ನೊಂದು ರಾತ್ರಿ ‘ಬಿಗ್–ಲಿಟಲ್’. ಹೊಸಬನಿಗೆ ಒಬ್ಬ ಅಣ್ಣನನ್ನು ಗೊತ್ತುಮಾಡುವ ರಾತ್ರಿ ಅದು. ಎಷ್ಟೋ ಕಡೆ ಆ ಅಣ್ಣ ಒಂದು ಬಾಟಲಿ ಕೈಗಿಡುತ್ತಾನೆ. 2021ರ ಫೆಬ್ರವರಿಯಲ್ಲಿ ವರ್ಜೀನಿಯಾದಲ್ಲಿ, ಮಾರ್ಚ್‌ನಲ್ಲಿ ಒಹಾಯೋದ ಬೌಲಿಂಗ್ ಗ್ರೀನ್‌ನಲ್ಲಿ ಇಂಥ ರಾತ್ರಿಗಳಲ್ಲೇ ಒಬ್ಬೊಬ್ಬ ಹುಡುಗ ಜೀವ ಕಳೆದುಕೊಂಡ. ಲೆಕ್ಕ ಇಷ್ಟೇ. ಇಲ್ಲಿ ಒಂದು ‘ಡ್ರಿಂಕ್’ ಅಂದರೆ 14 ಗ್ರಾಂ ಆಲ್ಕೋಹಾಲ್: ವಿಸ್ಕಿಯಾದರೆ 44 ಮಿಲಿ, ಬಿಯರಾದರೆ 355 ಮಿಲಿ. 750 ಮಿಲಿಯ ವಿಸ್ಕಿ ಬಾಟಲಿಯಲ್ಲಿ ಸುಮಾರು 17 ಡ್ರಿಂಕ್. ಪಿತ್ತಜನಕಾಂಗ ಗಂಟೆಗೆ ಸುಮಾರು ಒಂದನ್ನು ಮಾತ್ರ ಕರಗಿಸುತ್ತದೆ. ಕುಡಿದು ಮಲಗಿದ ಮೇಲೂ ಹೊಟ್ಟೆಯಲ್ಲಿದ್ದದ್ದು ರಕ್ತಕ್ಕೆ ಸೇರುತ್ತಲೇ ಇರುತ್ತದೆ. “ಮಲಗಲಿ, ಬೆಳಿಗ್ಗೆ ಸರಿಹೋಗುತ್ತಾನೆ” ಅನ್ನುವ ಮಾತು ಕೊಲ್ಲುವುದು ಹೀಗೆ. ಎಬ್ಬಿಸಿದರೆ ಏಳದಿದ್ದರೆ, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರಾಡಿದರೆ, ಎರಡು ಉಸಿರಿನ ನಡುವೆ ಹತ್ತು ಸೆಕೆಂಡ್ ದಾಟಿದರೆ, ತುಟಿ ನೀಲಿಗಟ್ಟಿ ಮೈ ತಣ್ಣಗಾದರೆ, ಇವುಗಳಲ್ಲಿ ಯಾವುದೊಂದು ಕಂಡರೂ ಸಾಕು, ತುರ್ತು ನಂಬರ್ 911ಕ್ಕೆ ಕರೆ ಮಾಡು. ಯಾರ ಅಪ್ಪಣೆಯನ್ನೂ ಕೇಳಬೇಡ. ಒಂದು ಮಗ್ಗುಲಿಗೆ ಮಲಗಿಸಿ ಪಕ್ಕದಲ್ಲೇ ಕೂರು. ಕಾಫಿ ಕುಡಿಸಬೇಡ, ತಣ್ಣೀರು ಸ್ನಾನ ಮಾಡಿಸಬೇಡ. ಬಹುತೇಕ ರಾಜ್ಯಗಳಲ್ಲಿ ಹೀಗೆ ಕರೆ ಮಾಡಿದವರಿಗೆ ರಕ್ಷಣೆ ಕೊಡುವ ಕಾನೂನಿದೆ. ನಿಮ್ಮ ರಾಜ್ಯದ್ದನ್ನು ಓದಿಕೊಂಡಿರು. ಓದುವುದು ಮರೆತಿದ್ದರೂ ಕರೆ ಮಾಡು.

“ನಮ್ಮವರದ್ದೇ ಫ್ರಾಟರ್ನಿಟಿ ಇದೆ, ಅಲ್ಲಿ ಹೀಗೆಲ್ಲ ಇಲ್ಲ” ಅಂತ ಯಾರಾದರೂ ಅಂದಾರು. ಇರುವುದು ನಿಜ. ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯಲ್ಲಿ 1996ರಲ್ಲಿ ಸಿಗ್ಮಾ ಬೀಟಾ ರೋ, ಟೆಕ್ಸಸ್‌ನ ಆಸ್ಟಿನ್‌ನಲ್ಲಿ 1998ರಲ್ಲಿ ಡೆಲ್ಟಾ ಎಪ್ಸಿಲಾನ್ ಸೈ ಶುರುವಾದವು. ದಕ್ಷಿಣ ಏಷ್ಯಾದ ಹುಡುಗರು ಅಲ್ಲಿ ಹೆಚ್ಚು. ದೀಪಾವಳಿಗೆ ಜೊತೆ ಸಿಗುತ್ತದೆ, ಅನ್ನ ಸಾರಿನ ಮಾತಾಡಬಹುದು. ಆದರೆ ಮುಖಚಹರೆ ನೋಡಿ ಮನೆ ಸುರಕ್ಷಿತ ಅಂದುಕೊಳ್ಳಬೇಡ. 2013ರಲ್ಲಿ ನ್ಯೂಯಾರ್ಕಿನ ಬರೂಕ್ ಕಾಲೇಜಿನ ಹುಡುಗನೊಬ್ಬ ಜೀವ ಕಳೆದುಕೊಂಡದ್ದು ಏಷ್ಯನ್ ಅಮೆರಿಕನ್ನರ ಫ್ರಾಟರ್ನಿಟಿಯಲ್ಲಿ. ಪೊಕೊನೊ ಬೆಟ್ಟಕ್ಕೆ ಕರೆದುಕೊಂಡು ಹೋಗಿ, ಕಣ್ಣಿಗೆ ಬಟ್ಟೆ ಕಟ್ಟಿ, ಬೆನ್ನಿಗೆ ಭಾರದ ಚೀಲ ಹೊರಿಸಿ ನೂಕಿ ಕೆಡವಿದ್ದರು. ಅಲ್ಲೂ ಆಸ್ಪತ್ರೆಗೆ ಒಯ್ಯಲು ತಡಮಾಡಿದ್ದರು. ಕ್ಯಾಂಪಸ್ಸಿನಿಂದ ದೂರ, ಫೋನ್ ಕಿತ್ತಿಟ್ಟುಕೊಂಡು ಕರೆದೊಯ್ಯುವ ‘ರಿಟ್ರೀಟ್’ ಅಂದರೆ ಹೊರಡಲೇಬೇಡ.

ನಿನ್ನ ಜೊತೆಯ ಅಮೆರಿಕದ ಹುಡುಗರಿಗೆ ಇಲ್ಲದ ಇನ್ನೊಂದು ಭಾರ ನಿನಗಿದೆ, ವಿದೇಶಿ ವಿದ್ಯಾರ್ಥಿಗಳ ಎಫ್-1 ವೀಸಾ. ಪ್ಲೆಜ್ ಸೆಮಿಸ್ಟರಿನಲ್ಲಿ ಕೈ ಸೋತು ಒಂದು ಕೋರ್ಸ್ ಬಿಡುವುದು ಅವರಿಗೆ ಸಾಮಾನ್ಯ ಸಂಗತಿ. ನೀನು ಇಂಟರ್‌ನ್ಯಾಷನಲ್ ಆಫೀಸಿನ ಅನುಮತಿ ಇಲ್ಲದೆ 12 ಕ್ರೆಡಿಟ್‌ಗಿಂತ ಕೆಳಗಿಳಿದರೆ ಇಲ್ಲಿ ಇರಲು ಬೇಕಾದ ವಿದ್ಯಾರ್ಥಿ ಸ್ಟೇಟಸ್ಸೇ ಹೋಗುತ್ತದೆ. ಇಲ್ಲಿ ಕುಡಿಯುವ ವಯಸ್ಸು 21. ಕುಡಿದು ಗಾಡಿ ಓಡಿಸಿ ಬಂಧನವಾದರೆ, ಕೋರ್ಟು ತೀರ್ಪು ಕೊಡುವ ಮುಂಚೆಯೇ ವೀಸಾ ರದ್ದಾಗಬಹುದು. ಊರಿಗೆ ಹೋಗಿ ಮತ್ತೆ ವೀಸಾ ಸ್ಟ್ಯಾಂಪಿಂಗ್‌ಗೆ ನಿಂತಾಗ ಡಿಎಸ್-160 ಅನ್ನುವ ವೀಸಾ ಅರ್ಜಿಯಲ್ಲಿ “ಎಂದಾದರೂ ಬಂಧನವಾಗಿದೆಯೇ” ಅನ್ನುವ ಪ್ರಶ್ನೆ ಕಾದಿರುತ್ತದೆ. ನಕಲಿ ಐಡಿಯನ್ನು ಕೈಯಲ್ಲಿ ಮುಟ್ಟಬೇಡ. ರಾತ್ರಿ ಇನ್ನೊಬ್ಬರ ಕಾರು ಓಡಿಸು ಅಂದರೆ, ನಿನ್ನ ಹೆಸರು ಆ ಇನ್ಶೂರೆನ್ಸಿನಲ್ಲಿ ಇದೆಯೇ ಅಂತ ಕೇಳಿ ತಿಳಿಯುವವರೆಗೆ ಕೀಲಿ ಹಿಡಿಯಬೇಡ. ‘ರಿಸ್ಕ್ ಮ್ಯಾನೇಜರ್’ ಅನ್ನುವ ಹುದ್ದೆಯನ್ನು ಎರಡನೇ ವರ್ಷದ ಹುಡುಗರಿಗೆ ಗೌರವ ಅಂತ ಕೊಡುತ್ತಾರೆ. ಅನಾಹುತವಾದರೆ ವಕೀಲರ ನೋಟಿಸಿನಲ್ಲಿ ಮೊದಲು ಬರುವ ಹೆಸರುಗಳಲ್ಲಿ ಅದೂ ಒಂದು.

ದುಡ್ಡಿನದು ಬೇಗ ಹೇಳುತ್ತೇನೆ. ಸೆಮಿಸ್ಟರಿಗೆ ಕೆಲವು ನೂರು ಡಾಲರಿನಿಂದ ಸಾವಿರ ದಾಟುವವರೆಗೂ ಶುಲ್ಕ ಇರುತ್ತದೆ. ಹೊಸ ಸದಸ್ಯನ ಶುಲ್ಕ, ರಾಷ್ಟ್ರೀಯ ಕಚೇರಿಯ ಪಾಲು, ಇನ್ಶೂರೆನ್ಸ್, ಪಾರ್ಟಿ ನಿಧಿ, ದಂಡ, ಇವನ್ನು ಬಿಡಿಬಿಡಿಯಾಗಿ ಬರೆದು ಕೊಡಿ ಅನ್ನು. ಎರಡನೇ ವರ್ಷ ಅದೇ ಮನೆಯಲ್ಲಿ ಇರಲೇಬೇಕು ಅನ್ನುವ ಕರಾರು ಇದೆಯೇ, ಮಧ್ಯದಲ್ಲಿ ಬಿಟ್ಟರೆ ಬಾಡಿಗೆ ಯಾರು ಕಟ್ಟಬೇಕು ಅನ್ನುವುದನ್ನು ಸಹಿಗೆ ಮುಂಚೆ ಕೇಳು.

ಒಳ್ಳೆಯದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಇಂಥ ಸಂಘಗಳು ಹುಟ್ಟಿಕೊಂಡ ಹಳೆಯ ಜಾಗಗಳಲ್ಲಿ ಒಂದು ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜು. ಕಪ್ಪಾ ಆಲ್ಫಾ 1825ರಲ್ಲಿ ಶುರುವಾದದ್ದು ಅಲ್ಲೇ. ಅದೇ ಕಾಲೇಜಿನ ಅರ್ಥಶಾಸ್ತ್ರಜ್ಞರು ಇತ್ತೀಚೆಗೆ ಒಂದು ಕಾಲೇಜಿನ ಪದವೀಧರರ ಮಾಹಿತಿ ಇಟ್ಟುಕೊಂಡು ಲೆಕ್ಕ ಹಾಕಿದರು: ಫ್ರಾಟರ್ನಿಟಿ ಸೇರಿದವರ ಜಿಪಿಎ (ಇಲ್ಲಿ ನಾಲ್ಕಕ್ಕೆ ಲೆಕ್ಕ) ಸುಮಾರು 0.25 ಇಳಿಯುತ್ತದೆ, ಮುಂದಿನ ಆದಾಯ ಸುಮಾರು 36 ಶೇಕಡಾ ಏರುತ್ತದೆ. ಹಳೆಯ ಸದಸ್ಯರು ಕೆಲಸಕ್ಕೆ ಕೈಹಿಡಿದು ಎತ್ತುವುದು ಸುಳ್ಳಲ್ಲ. ಅರವತ್ತು ಜನರ ಅಡುಗೆಮನೆಯ ಖರ್ಚು ತೂಗಿಸಿದ ಖಜಾಂಚಿ ಕಲಿಯುವುದನ್ನು ಕ್ಲಾಸಿನಲ್ಲಿ ಯಾರೂ ಕಲಿಸುವುದಿಲ್ಲ. ಆದರೆ ಅದು ಒಂದೇ ಕಾಲೇಜಿನ ಲೆಕ್ಕ. ನಿನಗೆ ಬೇಕಾದದ್ದು ವೀಸಾಕ್ಕೆ ಅರ್ಜಿ ಹಾಕಿಕೊಡುವ ಕಂಪನಿ. ಎಷ್ಟೋ ಕಂಪನಿಗಳು 3.0 ಅನ್ನುವ ಗೆರೆ ಎಳೆದಿರುತ್ತವೆ. 3.2ರಲ್ಲಿರುವವನು ಕಾಲು ಅಂಕ ಕಳೆದುಕೊಂಡರೆ 2.95.

ಸ್ನೇಹ ಬೇಕು, ಮನೆ ಬೇಡ ಅನ್ನಿಸಿದರೆ ದಾರಿಗಳಿವೆ. ಎಂಜಿನಿಯರಿಂಗ್‌ನವರಿಗೆ ಥೀಟಾ ಟೌ, ಸೇವೆಗೆ ಆಲ್ಫಾ ಫೈ ಒಮೆಗಾ ಅನ್ನುವ ಸಂಘಗಳಿವೆ. ಇವುಗಳ ಹೆಸರನ್ನೂ ಆ ಹೇಜಿಂಗ್ ವರದಿಯಲ್ಲಿ ನೋಡಿಕೊಂಡೇ ಹೋಗು. ಕ್ಯಾಂಪಸ್ಸಿನ ಕೋ-ಆಪ್ ಮನೆಗಳಲ್ಲಿ ವಾರಕ್ಕೆ ಇಷ್ಟು ಗಂಟೆ ಪಾತ್ರೆ, ಅಡುಗೆ ಅಂತ ಪಾಳಿ ಹಂಚಿಕೊಂಡು ಕಡಿಮೆ ಬಾಡಿಗೆಯಲ್ಲಿ ಇರುತ್ತಾರೆ. ಮಂಗಳವಾರ, ಗುರುವಾರ ಒಂದೇ ಹೊತ್ತಿಗೆ ಒಂದೇ ಮೇಜಿನಲ್ಲಿ ಕೂರುವ ನಾಲ್ಕು ಜನರ ಪ್ರಾಬ್ಲಮ್ ಸೆಟ್ ಗುಂಪು ಕಟ್ಟು. ವಾರಕ್ಕೆ ಆರು ಗಂಟೆಯಾದರೂ ಡಿಸೆಂಬರಿಗೆ ತೊಂಬತ್ತು ಗಂಟೆ ಆಗುತ್ತದೆ. ರಾಜ್ಯೋತ್ಸವಕ್ಕೆ ಹತ್ತಿರದ ಕನ್ನಡ ಕೂಟಕ್ಕೆ ಹೋಗಿ ಎಲೆ ಹಾಕಲು ನಿಂತುಕೋ, ವಯಸ್ಸಿನಲ್ಲಿ ಹಿರಿಯರಾದ ನಾಲ್ಕು ಜನರ ಫೋನ್ ನಂಬರ್ ಸಿಗುತ್ತದೆ.

ಸೇರಿದ ಮೇಲೆ ಸರಿ ಅನ್ನಿಸದಿದ್ದರೆ ಪೂರ್ಣ ಸದಸ್ಯನಾಗುವ ದೀಕ್ಷೆಯ ಮುಂಚೆ ಯಾವ ದಿನ ಬೇಕಾದರೂ ಬಿಡಬಹುದು. ಅಧ್ಯಕ್ಷನಿಗೂ ಗ್ರೀಕ್ ಲೈಫ್ ಕಚೇರಿಗೂ ಒಟ್ಟಿಗೆ ಎರಡು ಸಾಲಿನ ಇಮೇಲ್ ಹಾಕು, ಕಾರಣ ಬರೆಯಬೇಕಾಗಿಲ್ಲ. ಮಾತಾಡೋಣ ಬಾ ಅಂತ ರಾತ್ರಿ ಮನೆಗೆ ಕರೆದರೆ ಹೋಗಬೇಡ.

ಬಿಡ್ ಬಂದರೆ ಸಹಿ ಹಾಕುವ ಮುಂಚೆ ಶುಲ್ಕದ ಪಟ್ಟಿಯ ಫೋಟೋ ನನಗೆ ಕಳಿಸು. ಗುರುವಾರ ಮತ್ತೆ ಊಟಕ್ಕೆ ಕರೆದಿದ್ದಾರಲ್ಲ, ಹೋಗು. ಸೋಡಾ ಕೇಳಿದಾಗ ಏನಂದರು ಅಂತ ಭಾನುವಾರ ಫೋನಿನಲ್ಲಿ ಹೇಳು. ನಿಮ್ಮಮ್ಮನಿಗೆ ನಾನು ಸಮಾಧಾನ ಹೇಳುತ್ತೇನೆ.

ನಿನ್ನ ದೊಡ್ಡಮ್ಮ