ಬೇಕೆಂದೇ ಮಾಡುವ ಪಾಪ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಕರ್ತನಾದ ಯೇಸುವಿನ ನಾಮದಲ್ಲಿ ವಂದನೆಗಳು.

ನಿನ್ನ ಪತ್ರದಲ್ಲಿ ಎರಡು ಮಾತುಗಳಿದ್ದವು. ಸತ್ಯವನ್ನು ತಿಳಿದ ಮೇಲೂ ಬೇಕೆಂದೇ ಪಾಪ ಮಾಡುವವರಿಗೆ ಇನ್ನು ಪಾಪಪರಿಹಾರದ ಯಜ್ಞವಿಲ್ಲ ಎನ್ನುವ ಇಬ್ರಿಯ ಪತ್ರಿಕೆ 10:26 ಓದಿದಾಗಿನಿಂದ ನೆಮ್ಮದಿ ಇಲ್ಲ ಎಂಬುದು ಒಂದು. ‘ಈಗ ಮಾಡಿಬಿಡೋಣ, ಆಮೇಲೆ ಅರಿಕೆ ಮಾಡಿಕೊಂಡರಾಯಿತು’ ಎಂಬ ಯೋಚನೆ ವಿಶ್ವಾಸಿಗೆ ಎಷ್ಟು ಅಪಾಯ ಎಂಬುದು ಇನ್ನೊಂದು. ಎರಡನೆಯದನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ರೋಗದ ಬೇರು ಅಲ್ಲಿದೆ.

‘ಆಮೇಲೆ’ ಅನ್ನುವವನು, ನಾಳೆಯೂ ತನ್ನ ಹೃದಯ ಇವತ್ತಿನಷ್ಟೇ ಮೆತ್ತಗಿರುತ್ತದೆ ಎಂದು ನಂಬಿಕೊಂಡಿರುತ್ತಾನೆ. ಹಾಗಿರುವುದಿಲ್ಲ. ಪಾಪದ ಮೋಸದಿಂದ ಮನಸ್ಸು ಕಠಿಣವಾಗುತ್ತದೆ ಎಂದು ಇಬ್ರಿಯ 3:13 ಎಚ್ಚರಿಸುವುದು ವಿಶ್ವಾಸಿಗಳನ್ನೇ. ಮಾನಸಾಂತರ, ಅಂದರೆ ಪಾಪ ಬಿಟ್ಟು ತಿರುಗಿಬರುವ ಮನಸ್ಸು, ದೇವರು ಕೊಡುವಂಥದ್ದು (2 ತಿಮೊಥೆಯ 2:25), ಬೇಕಾದಾಗ ತೆಗೆದುಕೊಳ್ಳಲು ನಾವು ಕಪಾಟಿನಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ಬೇಕೆಂದೇ ಮಾಡಿದ ಪಾಪ ಮೊದಲು ತಿನ್ನುವುದು, ತಿರುಗಿಬರಲು ಬೇಕಾದ ಆ ಮನಸ್ಸನ್ನೇ. ಪ್ರಾರ್ಥನೆ ಒಣಗುತ್ತದೆ, ವಾಕ್ಯ ಚುಚ್ಚುವುದನ್ನು ನಿಲ್ಲಿಸುತ್ತದೆ, ಮುಚ್ಚಿಡಲು ಇನ್ನೊಂದು ಪಾಪ ಬೇಕಾಗುತ್ತದೆ.

ಅರಸನಾದ ದಾವೀದನನ್ನು ನೋಡು. 2 ಸಮುವೇಲ 11ರಲ್ಲಿ ಅವನು ಸ್ತ್ರೀಯನ್ನು ಕಂಡ, ಯಾರೆಂದು ವಿಚಾರಿಸಿದ. ‘ಊರೀಯನ ಹೆಂಡತಿ’ ಎಂಬ ಉತ್ತರ ಬಂತು. ನಿಲ್ಲಬೇಕಾಗಿದ್ದು ಅಲ್ಲಿ. ಅದಾದ ಮೇಲೆ ಕರೆಕಳುಹಿಸಿದ್ದು ಗೊತ್ತಿದ್ದೇ ಮಾಡಿದ್ದು. ಆಮೇಲೆ ಊರೀಯನನ್ನು ಯುದ್ಧದಿಂದ ಕರೆಸಿ ಮನೆಗೆ ಹೋಗು ಎಂದ, ಅವನು ಹೋಗದಿದ್ದಾಗ ಕುಡಿಸಿದ, ಅದೂ ನಡೆಯದಿದ್ದಾಗ ಅವನ ಮರಣದ ಪತ್ರವನ್ನು ಅವನ ಕೈಯಲ್ಲೇ ಕೊಟ್ಟು ಕಳುಹಿಸಿದ. ಪ್ರವಾದಿ ನಾತಾನನು ಬಂದು ಮಾತಾಡುವ ಹೊತ್ತಿಗೆ ಮಗು ಹುಟ್ಟಿತ್ತು. ದೇವರ ಹೃದಯಕ್ಕೆ ಒಪ್ಪುವವನು ಎನಿಸಿಕೊಂಡವನು ಅಷ್ಟು ತಿಂಗಳು ಸುಮ್ಮನಿದ್ದ! ಅರಿಕೆ ಮಾಡಿದ ಕೂಡಲೇ ಕ್ಷಮೆ ಸಿಕ್ಕಿತು. ಆದರೆ ಕತ್ತಿ ಅವನ ಮನೆಯನ್ನು ಬಿಡಲಿಲ್ಲ. ಕ್ಷಮೆ ಸಿಕ್ಕಿತೆಂದರೆ ಪರಿಣಾಮವೂ ತಪ್ಪಿತೆಂದು ಎಣಿಸುವವರು 12ನೇ ಅಧ್ಯಾಯವನ್ನು ನಿಧಾನವಾಗಿ ಓದಬೇಕು.

ಇನ್ನು ನಿನ್ನ ಭಯದ ಮಾತು. ಅರಣ್ಯಕಾಂಡ 15ರ ಪ್ರಕಾರ ತಿಳಿಯದೆ ತಪ್ಪಿದವನು ಒಂದು ವರ್ಷದ ಹೆಣ್ಣು ಆಡನ್ನು ತಂದರೆ ಅವನಿಗೆ ಕ್ಷಮೆಯಾಗುತ್ತಿತ್ತು. 30ನೇ ವಚನದಲ್ಲಿ ಬರುವವನು ಬೇರೆ. ಮೂಲಭಾಷೆಯಲ್ಲಿ ಅವನು ‘ಎತ್ತಿದ ಕೈಯಿಂದ’ ಪಾಪ ಮಾಡುವವನು. ಇಸ್ರಾಯೇಲ್ಯರು ಐಗುಪ್ತದಿಂದ ಧೈರ್ಯವಾಗಿ ಹೊರಟರು ಎನ್ನುವಲ್ಲಿಯೂ (ವಿಮೋಚನಕಾಂಡ 14:8) ಇದೇ ನುಡಿಗಟ್ಟು ಇದೆ. ಫರೋಹನಿಗೆ ಎದುರಾಗಿ ಎತ್ತಿದ ಕೈಯನ್ನು ಇವನು ದೇವರಿಗೆ ಎದುರಾಗಿ ಎತ್ತುತ್ತಾನೆ. ಅವನಿಗೆ ಯಜ್ಞವಿಲ್ಲ.

ಹಾಗಾದರೆ ತಿಳಿದು ಮಾಡಿದ್ದಕ್ಕೆಲ್ಲ ದಾರಿ ಮುಚ್ಚಿತೋ? ಇಲ್ಲ. ಅವಸರದ ಓದುಗರು ಯಾಜಕಕಾಂಡ 6ರ ಆರಂಭವನ್ನು ದಾಟಿಹೋಗುತ್ತಾರೆ. ಅಲ್ಲಿರುವವನು ನೆರೆಯವನು ನಂಬಿ ಇಟ್ಟದ್ದನ್ನು ಇಲ್ಲವೆಂದಿದ್ದಾನೆ, ಸುಳ್ಳು ಪ್ರಮಾಣವನ್ನೂ ಮಾಡಿದ್ದಾನೆ. ಸುಳ್ಳು ಪ್ರಮಾಣವನ್ನು ಯಾರೂ ಮರೆತು ಮಾಡುವುದಿಲ್ಲ. ಆದರೂ ಅವನಿಗೆ ಪ್ರಾಯಶ್ಚಿತ್ತ ಯಜ್ಞವಿದೆ, ಕ್ಷಮೆಯೂ ಇದೆ. ನನಗೆ ಕಾಣುವಂತೆ, ಎತ್ತಿದ ಕೈಯ ಭೀಕರತೆ ಇರುವುದು ಗೊತ್ತಿದ್ದು ಎತ್ತಿದ್ದರಲ್ಲಿ ಮಾತ್ರವಲ್ಲ, ಇಳಿಸಲು ಒಪ್ಪದಿರುವುದರಲ್ಲಿ. ಇಬ್ರಿಯ 10:26ರ ಗ್ರೀಕ್ ಮೂಲದಲ್ಲಿ ‘ಬೇಕೆಂದು’ ಎಂಬ ಪದವೇ ಮೊದಲು ಬರುತ್ತದೆ. ಕ್ರಿಯಾಪದವು ‘ಮಾಡುತ್ತಲೇ ಇರುವ’ ಎಂಬ ರೂಪದಲ್ಲಿದೆ. ದೇವಕುಮಾರನನ್ನು ತುಳಿದು ಮುಂದೆ ಹೋಗುವವನ ಚಿತ್ರ 29ನೇ ವಚನದಲ್ಲಿದೆ. ಬಿದ್ದು, ಎದ್ದು, ಅಳುತ್ತಾ ತಿರುಗಿ ಬರುವವನಿಗೆ ಅದೇ ಪತ್ರಿಕೆ 4:16ರಲ್ಲಿ ಕೃಪಾಸನವನ್ನು, ಕರುಣೆ ಸಿಗುವ ದೇವರ ಸನ್ನಿಧಿಯನ್ನು, ತೋರಿಸುತ್ತದೆ. ಆದರೆ ಈ ಸಮಾಧಾನವನ್ನು ಮುಂದಿನ ಪಾಪಕ್ಕೆ ಪರವಾನಗಿ ಮಾಡಿಕೊಳ್ಳಬೇಡ. ಯಜಮಾನನ ಚಿತ್ತ ತಿಳಿದೂ ನಡೆಯದ ಆಳಿಗೆ ಹೆಚ್ಚು ಪೆಟ್ಟುಗಳು ಎಂದದ್ದು ಯೇಸುವೇ (ಲೂಕ 12:47).

ತಿರುಗಿಬರುವ ದಾರಿಗೂ ಮೋಶೆಯ ಧರ್ಮಶಾಸ್ತ್ರ ಕ್ರಮ ಹೇಳುತ್ತದೆ. ಮೊದಲು ಹೆಸರಿಟ್ಟು ಅರಿಕೆ ಮಾಡಬೇಕು. ಯಾಜಕಕಾಂಡ 5:5 ಕೇಳುವುದು ‘ಇಂಥ ವಿಷಯದಲ್ಲಿ ಪಾಪ ಮಾಡಿದೆ’ ಎಂಬ ಮಾತನ್ನು. ‘ಕರ್ತನೇ, ನನ್ನ ಪಾಪಗಳನ್ನೆಲ್ಲ ಕ್ಷಮಿಸು’ ಎಂಬ ಒಟ್ಟಾರೆ ಪ್ರಾರ್ಥನೆಯ ಹಿಂದೆ ಒಂದು ನಿರ್ದಿಷ್ಟ ಪಾಪ ವರ್ಷಗಟ್ಟಲೆ ಅಡಗಿ ಕೂರಬಲ್ಲದು. ಸುಳ್ಳನ್ನು ಸುಳ್ಳು ಅನ್ನು, ಕಳ್ಳತನವನ್ನು ಕಳ್ಳತನ ಅನ್ನು. ಅರಸನಾದ ಸೌಲನೂ ಪ್ರವಾದಿ ಸಮುವೇಲನಿಗೆ ‘ಪಾಪ ಮಾಡಿದೆ’ ಎಂದ, ಆದರೆ ಅದೇ ಉಸಿರಿನಲ್ಲಿ ಹಿರಿಯರ ಮುಂದೆ ನನ್ನ ಮಾನ ಕಾಪಾಡು ಎಂದೂ ಬೇಡಿದ (1 ಸಮುವೇಲ 15:30). ಅರಿಕೆ ಕೆಡುವುದು ಹೆಚ್ಚಾಗಿ ಈ ಎರಡನೇ ಅರ್ಧದಲ್ಲಿ.

ಆಮೇಲೆ ಹಿಂದಿರುಗಿಸುವುದು. ಪೂರ್ತಿ ಮೊತ್ತ, ಅದರ ಮೇಲೆ ಐದರಲ್ಲಿ ಒಂದು ಪಾಲು: 100 ತೆಗೆದುಕೊಂಡವನು 120 ಕೊಡಬೇಕು, ಯಜ್ಞ ಅರ್ಪಿಸುವ ದಿನವೇ. ನಷ್ಟಪಟ್ಟವನು ಬದುಕಿಲ್ಲದಿದ್ದರೆ ಹತ್ತಿರದ ಬಂಧುವಿಗೆ, ಬಂಧುವೂ ಇಲ್ಲದಿದ್ದರೆ ಯಾಜಕನಿಗೆ (ಅರಣ್ಯಕಾಂಡ 5:8). ಹೇಗೂ ತನ್ನ ಬಳಿ ಉಳಿಸಿಕೊಳ್ಳುವಂತಿಲ್ಲ. ಕ್ರಿಸ್ತನ ಯಜ್ಞ ಒಂದೇ ಸಾರಿ ಮುಗಿದಿರುವುದರಿಂದ ನಾವು ಕುರಿ ತರುವುದಿಲ್ಲ, ನಿಜ. ನೆರೆಯವನ ಸಾಲ ಮಾತ್ರ ಹಾಗೆಯೇ ಇದೆ. ಯೇಸುವನ್ನು ಕಂಡ ಸುಂಕದವನಾದ ಜಕ್ಕಾಯ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ.

ಹಣವಲ್ಲದೆ ಮಾತಿನಿಂದ ಕೆಟ್ಟದ್ದಾಗಿದ್ದರೆ, ಯಾರ ಮುಂದೆ ಸುಳ್ಳು ಹೇಳಿದೆಯೋ ಅವರ ಮುಂದೆಯೇ ತಿದ್ದು. ‘ನಿನಗೆ ನೋವಾಗಿದ್ದರೆ ಕ್ಷಮಿಸು’ ಅನ್ನಬೇಡ, ಆ ‘ದ್ದರೆ’ ತಪ್ಪನ್ನು ಎದುರಿನವರ ಮೇಲೆ ಹೊರಿಸುತ್ತದೆ. ಕ್ಷಮಿಸಲೇಬೇಕೆಂದು ಒತ್ತಾಯ ಬೇಡ. ನಿನ್ನನ್ನು ನೋಡಲು ಒಪ್ಪದವರ ಬಾಗಿಲಿಗೆ ಹೋಗಿ ನಿಲ್ಲಬೇಡ. ಕಾನೂನಿಗೆ ಸೇರಿದ ಅಪರಾಧವಾದರೆ ಸಭೆಯೊಳಗೇ ಮುಚ್ಚಿಹಾಕುವುದು ಅರಿಕೆಯಲ್ಲ. ಯಾರಿಗೂ ತಿಳಿಯದ ಪಾಪವನ್ನು ಸಭೆಗೆಲ್ಲ ಹೇಳಬೇಕಿಲ್ಲ, ಆದರೆ ಬಾಯಿ ಬಿಗಿಹಿಡಿಯಬಲ್ಲ ಒಬ್ಬ ಹಿರಿಯ ವಿಶ್ವಾಸಿಗೆ ಹೇಳು (ಯಾಕೋಬ 5:16). ಕತ್ತಲಲ್ಲಿ ಬೆಳೆದದ್ದು ಕತ್ತಲಲ್ಲೇ ಸಾಯುವುದು ಅಪರೂಪ. ಪಾಪಕ್ಕೆ ಸೌಕರ್ಯ ಮಾಡಿಕೊಟ್ಟ ಫೋನ್ ನಂಬರು, ಸಮಯ, ಜಾಗ ಇದ್ದರೆ ಅದೇ ದಿನ ಕಡಿದುಹಾಕು.

ಕ್ರಿಸ್ತನ ಮರಣವನ್ನು ನೆನೆಯುವ ಕರ್ತನ ಭೋಜನಕ್ಕೆ ಬರುವ ಮುಂಚೆ ಹೋಗಿ ಕಾಣಬೇಕಾದವರು ಯಾರಾದರೂ ಉಳಿದಿದ್ದರೆ, ಮತ್ತಾಯ 5:24ರಂತೆ ಮೊದಲು ಅವರ ಬಳಿಗೆ ಹೋಗು. ಹೊರಡುವ ದಿನವನ್ನೂ ಹೊತ್ತನ್ನೂ ನನಗೆ ತಿಳಿಸು. ಆ ಹೊತ್ತಿನಲ್ಲಿ ಮೊಣಕಾಲೂರಿರುತ್ತೇನೆ.

ಕ್ರಿಸ್ತನಲ್ಲಿ ನಿನ್ನ,
ಗೆಳೆಯ