ಜೂನ್ 1ರಿಂದ ತರಗತಿಗಳ ಹೊಸ ವೇಳಾಪಟ್ಟಿ: ಪೋಷಕರಿಗೆ, ವಿದ್ಯಾರ್ಥಿಗಳಿಗೆ ಪತ್ರ

ಮಾನ್ಯ ಪೋಷಕರೇ, ವಿದ್ಯಾರ್ಥಿ ಮಿತ್ರರೇ,

ದಾವಣಗೆರೆಯ ನಮ್ಮ ಸಂಗೀತ ಶಿಕ್ಷಕರ ಸಹಕಾರ ಸಂಘವು ನಡೆಸುತ್ತಿರುವ ತರಗತಿಗಳ ವೇಳಾಪಟ್ಟಿ ಜೂನ್ 1ರಿಂದ ಬದಲಾಗುತ್ತದೆ. ಒಂದು ಗಂಟೆಯ ಪಾಠ ಇನ್ನು ಮುಂದೆ 50 ನಿಮಿಷದ್ದಾಗಿರುತ್ತದೆ, ಸಂಜೆಯ ಕೊನೆಯ ತರಗತಿ 8 ಗಂಟೆಗೆ ಮುಗಿಯುತ್ತದೆ, ಸೋಮವಾರ ಪೂರ್ಣ ರಜೆ ಇರುತ್ತದೆ. ಶುಲ್ಕ ಈಗಿನಷ್ಟೇ. ಸಮಯ ಕಡಿಮೆಯಾಗಿಯೂ ಶುಲ್ಕ ಏಕೆ ಇಳಿಯಲಿಲ್ಲವೆಂದು ತಾವು ಕೇಳುವುದು ನ್ಯಾಯವೇ ಆಗಿರುವುದರಿಂದ ಕಾರಣಗಳನ್ನು ತುಸು ವಿವರವಾಗಿ ಬರೆಯುತ್ತಿದ್ದೇವೆ.

ಗಾಯನ ಕಲಿಸುವವರು ದಿನವಿಡೀ ತಮ್ಮದಲ್ಲದ ಶ್ರುತಿಯಲ್ಲಿ, ಅಂದರೆ ತಮ್ಮ ದನಿಗೆ ಹೊಂದದ ಆಧಾರ ಸ್ವರದಲ್ಲಿ, ಹಾಡಬೇಕಾಗುತ್ತದೆ. ಗುರುಗಳ ಶ್ರುತಿ ಕರಿ ಎರಡು (ಹಾರ್ಮೋನಿಯಂನ ಎರಡನೆಯ ಕಪ್ಪು ಮನೆ), ಎದುರು ಕುಳಿತ ಹೆಣ್ಣುಮಕ್ಕಳದು ಕರಿ ಐದು ಎಂದಾದರೆ ನಡುವಿನ ಅಂತರ ಷಡ್ಜದಿಂದ ಪಂಚಮದಷ್ಟು, ಅಂದರೆ ‘ಸ’ದಿಂದ ‘ಪ’ದಷ್ಟು. ಮಕ್ಕಳ ಶ್ರುತಿಯಲ್ಲೇ ಹಾಡಿ ತೋರಿಸಿದರೆ ಮೇಲೆ ಗಂಟಲು ಬಿಗಿಯುತ್ತದೆ, ಒಂದು ಸಪ್ತಕ (‘ಸ’ದಿಂದ ಮುಂದಿನ ‘ಸ’ದವರೆಗಿನ ಅಂತರ) ಇಳಿಸಿ ಹಾಡಿದರೆ ಕೆಳಗೆ ದನಿಯೇ ನಿಲ್ಲುವುದಿಲ್ಲ. ಕರಿ ಐದರ ತಾರ ಷಡ್ಜವನ್ನು, ಅಂದರೆ ಮೇಲಿನ ‘ಸ’ವನ್ನು, ಹಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 466 ಬಾರಿ ಒಂದಕ್ಕೊಂದು ತಾಗುತ್ತವೆ. ಹೀಗೆ ತರಗತಿಯ ಮೇಲೆ ತರಗತಿ ನಡೆದರೆ ಅವು ಊದಿಕೊಳ್ಳುತ್ತವೆ, ಊತ ಇಳಿಯುವ ಮೊದಲೇ ಮತ್ತೆ ಹಾಡುತ್ತಾ ಹೋದವರಿಗೆ ಸಣ್ಣ ಗಂಟುಗಳೂ ಆಗಬಹುದು. ಪಾಠಗಳ ನಡುವೆ ಈಗ ಸಿಗುವ 10 ನಿಮಿಷ ನೀರು ಕುಡಿದು ಸುಮ್ಮನೆ ಕೂರುವುದಕ್ಕಾಗಿ ಮೀಸಲು; ಆ ಹೊತ್ತಿನಲ್ಲಿ ಮಗುವಿನ ಪ್ರಗತಿಯ ಬಗ್ಗೆ ಗುರುಗಳನ್ನು ಮಾತಿಗೆಳೆಯದೆ ಕಚೇರಿಯಲ್ಲಿ ವಿಚಾರಿಸಬೇಕೆಂದು ಕೋರುತ್ತೇವೆ.

ಕೊನೆಯ ತರಗತಿಯನ್ನು ಬೇಗ ಮುಗಿಸುವುದಕ್ಕೂ ಗಂಟಲೇ ಕಾರಣ. ರಾತ್ರಿ ಹತ್ತಕ್ಕೆ ಮಂಡಕ್ಕಿ ಮಿರ್ಚಿ ತಿಂದು ಕೂಡಲೇ ಮಲಗಿದರೆ ಹೊಟ್ಟೆಯ ಆಮ್ಲ ಗಂಟಲಿಗೇರಿ, ಬೆಳಿಗ್ಗೆ ಸಾಧನೆಗೆ ಕೂತಾಗ ದನಿ ಒಡೆಯುತ್ತದೆ. (ಮಂಡಕ್ಕಿ ಬಿಡಿ ಎಂದು ದಾವಣಗೆರೆಯವರಿಗೆ ಹೇಳುವ ಧೈರ್ಯ ನಮಗಿಲ್ಲ; ಸಂಜೆಯೇ ತಿನ್ನಿ ಎನ್ನುತ್ತೇವೆ.)

ತಬಲಾ ಮತ್ತು ಮೃದಂಗದ ತರಗತಿಗಳನ್ನು ಚಿಕ್ಕ ಕೋಣೆಯಿಂದ ದೊಡ್ಡ ಸಭಾಂಗಣಕ್ಕೆ ಸ್ಥಳಾಂತರಿಸುತ್ತಿದ್ದೇವೆ. ದಿನಕ್ಕೆ 8 ಗಂಟೆ ಕೇಳಬಹುದಾದ ಸದ್ದಿಗೆ 85 ಡೆಸಿಬೆಲ್ ಮಿತಿಯೆಂದು ಹಲವು ದೇಶಗಳ ಕಾರ್ಮಿಕ ಆರೋಗ್ಯ ತಜ್ಞರು ಹೇಳುತ್ತಾರೆ; ಅದರ ಮೇಲೆ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸುರಕ್ಷಿತ ಸಮಯ ಅರ್ಧಕ್ಕಿಳಿಯುವುದರಿಂದ, 91 ಡೆಸಿಬೆಲ್ಲಿಗೆ ಉಳಿಯುವುದು 2 ಗಂಟೆ ಮಾತ್ರ. ಮುಚ್ಚಿದ ಕೋಣೆಯಲ್ಲಿ ಹಲವು ಜೊತೆ ತಬಲಾ ಒಟ್ಟಿಗೆ ನುಡಿಯುವ ಪಾಠ ಮುಗಿದ ಮೇಲೆ ಮಕ್ಕಳು ಮನೆಗೆ ಹೋಗುತ್ತಾರೆ, ಗುರುಗಳು ಮುಂದಿನ ತಂಡಕ್ಕೂ ಅಲ್ಲೇ ಕೂರುತ್ತಾರೆ. ಕಿವಿಯಲ್ಲಿ ಗುಂಯ್‌ಗುಡುವುದನ್ನು ಈ ವೃತ್ತಿಯಲ್ಲಿ ಸಹಜವೆಂದು ಬಿಟ್ಟುಬಿಡುವ ರೂಢಿ ನಮಗೆ ಒಪ್ಪಿಗೆಯಿಲ್ಲ.

ವಿದ್ಯಾರ್ಥಿಗಳಿಗೂ ಕೆಲವು ಬದಲಾವಣೆಗಳಿವೆ. ದನಿ ಒಡೆಯುವ ವಯಸ್ಸಿನ ಗಂಡುಮಕ್ಕಳನ್ನು, ಅಂದರೆ ಸಾಮಾನ್ಯವಾಗಿ 12ರಿಂದ 15 ವರ್ಷದವರನ್ನು, ಪಾಠ ಬಿಡಿಸುವ ಅಗತ್ಯವಿಲ್ಲ; ದನಿ ಸುಮಾರು ಒಂದು ಸಪ್ತಕದಷ್ಟು ಇಳಿಯುವ ಆ ತಿಂಗಳುಗಳಲ್ಲಿ ಅವರ ಶ್ರುತಿಯನ್ನು ಆಗಾಗ್ಗೆ ಬದಲಿಸಿ, ತಾರ ಸ್ಥಾಯಿಗೆ ಒತ್ತಾಯಿಸದೆ, ಸ್ವರಜ್ಞಾನಕ್ಕೂ ತಾಳಕ್ಕೂ ಹೆಚ್ಚು ಸಮಯ ಕೊಡಲಾಗುತ್ತದೆ. ವಾದ್ಯ ಕಲಿಯುವವರು ಮನೆಯಲ್ಲಿ 25 ನಿಮಿಷ ನುಡಿಸಿ 5 ನಿಮಿಷ ಕೈಬಿಟ್ಟು ಮತ್ತೆ ಕೂರಬೇಕು. ಬೆರಳು ಜೋಮು ಹಿಡಿದರೆ, ಭುಜ ನೋಯತೊಡಗಿದರೆ ಅಂದಿನ ಅಭ್ಯಾಸ ಅಲ್ಲಿಗೆ ಸಾಕು. ದನಿ ಗೊಗ್ಗರಾಗಿ ಮೂರು ವಾರ ದಾಟಿದರೆ ಕಷಾಯದಲ್ಲೇ ಕಾಲ ಕಳೆಯದೆ ಕಿವಿ, ಮೂಗು, ಗಂಟಲು ವೈದ್ಯರಿಗೆ ತೋರಿಸಿ.

ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆಗೆ ಮುನ್ನ ರಾತ್ರಿ ನಡೆಸುತ್ತಿದ್ದ ವಿಶೇಷ ತರಗತಿಗಳು ಭಾನುವಾರ ಬೆಳಿಗ್ಗೆಗೆ ಬರುತ್ತವೆ. ಗುರುಗಳ ದನಿ ಕೆಟ್ಟ ದಿನ ಅವರಿಗೆ ವೇತನಸಹಿತ ರಜೆ ಕೊಟ್ಟು, ಬೇರೆ ಶಿಕ್ಷಕರಿಂದ ರಾಗ ಕೇಳಿಸಿ ಗುರುತಿಸುವ ಪಾಠ ನಡೆಸುತ್ತೇವೆ. ಶುಲ್ಕ ಇಳಿಯದಿರಲು ಈ ರಜೆಯ ವೆಚ್ಚವೇ ಮುಖ್ಯ ಕಾರಣ. ವಾಟ್ಸಾಪ್‌ನಲ್ಲಿ ಹಾಡಿ ಕಳುಹಿಸಿದ್ದನ್ನು ರಾತ್ರಿ 8ರ ನಂತರ ಗುರುಗಳು ಕೇಳುವುದಿಲ್ಲ, ಮರುದಿನ ಉತ್ತರಿಸುತ್ತಾರೆ.

ಹೊಸ ಸಮಯ ಹೊಂದದವರು ಮೇ 25ರೊಳಗೆ ಕಚೇರಿಗೆ ತಿಳಿಸಿದರೆ ಬೇರೆ ತಂಡಕ್ಕೆ ಸೇರಿಸುತ್ತೇವೆ. ಯಾವ ತಂಡವೂ ಹೊಂದದಿದ್ದಲ್ಲಿ ಮುಂಗಡವಾಗಿ ಕಟ್ಟಿದ ಶುಲ್ಕವನ್ನು ಪೂರ್ತಿ ಮರಳಿಸುತ್ತೇವೆ, ರಸೀದಿ ತರಬೇಕು.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ದಾವಣಗೆರೆ